ಮೂಗುದಾರವಿಲ್ಲದ ಕರಡಿ

‘ಶಿವಪೂಜೆಯಲ್ಲಿ ಕರಡಿ ಬಿಟ್ಟ ಹಾಗೆ’ ಎಂಬ ಗಾದೆಯನ್ನು ಬಳಸದ ಮನೆ ನಮ್ಮ ಕಡೆ ಇಲ್ಲ. ಮದುವೆಯ ಮಾತುಕತೆ ಇನ್ನೇನು ಕುದುರಿತು ಎನ್ನುವ ಹೊತ್ತಿಗೆ ಯಾರಾದರೂ ನೆಂಟರು ಬಂದು ಹತ್ತು ವರ್ಷದ ಹಿಂದಿನ ಜಮೀನಿನ ತಕರಾರು ತೆಗೆದರೆ, ಒಳಮನೆಯಲ್ಲಿ ಹೆಂಗಸರು ಮುಖ ಮುಖ ನೋಡಿಕೊಂಡು ಈ ಮಾತನ್ನೇ ಆಡುತ್ತಾರೆ. ಆದರೆ ಗಾದೆಯ ಮೂಲದಲ್ಲಿ ಕರಡಿಯೇ ಇರಲಿಲ್ಲ ಎಂದು ಬಲ್ಲವರು ಹೇಳುವುದುಂಟು. ಇದ್ದದ್ದು ‘ಕರಡಿಗೆ’. ಇಷ್ಟಲಿಂಗವನ್ನು ಇಟ್ಟು ಕೊರಳಿಗೆ ಕಟ್ಟಿಕೊಳ್ಳುವ ಬೆಳ್ಳಿಯ ಪುಟ್ಟ ಭರಣಿಗೆ ಆ ಹೆಸರು. ಕರಡಿಗೆಯನ್ನೇ ಬಿಟ್ಟುಬಂದು ಪೂಜೆಗೆ ಕುಳಿತರೆ ಏನು ಪೂಜೆ ಮಾಡಿದಂತಾಯಿತು? ಬಾಯಿಂದ ಬಾಯಿಗೆ ಬರುವಾಗ ಕೊನೆಯ ಅಕ್ಷರ ಉದುರಿ, ಪಾಪದ ಪ್ರಾಣಿಯೊಂದು ಕರೆಯದೆ ಪೂಜೆಗೆ ನುಗ್ಗಿದ ಅಪವಾದ ಹೊತ್ತುಕೊಂಡಿತು. ಪದಗಳ ಹುಟ್ಟಿನ ಕಥೆಗಳು ಸೊಗಸಾಗಿದ್ದಷ್ಟೂ ಅನುಮಾನಕ್ಕೆ ಎಡೆಯಿರುತ್ತದೆ, ನಿಜ. ಆದರೂ ತರಗತಿಯಲ್ಲಿ ಇದನ್ನು ಹೇಳಿದಾಗಲೆಲ್ಲ ಮಕ್ಕಳು ಕರಡಿಯ ಪಕ್ಷ ವಹಿಸುತ್ತಾರೆ.

ನಮ್ಮ ಸೋಮನಹಳ್ಳಿಯ ಮಟ್ಟಿಗಂತೂ ಕರಡಿಯ ಸಹವಾಸ ಹೀಗೆ ಬಾಯಿಮಾತಿನದೇ. ಬೆಂಗಳೂರು–ಮೈಸೂರು ಹೆದ್ದಾರಿಯ ಮೇಲೆ ಮದ್ದೂರಿಗೆ ಸಮೀಪದಲ್ಲಿರುವ ಊರು, ಎಸ್.ಎಂ. ಕೃಷ್ಣ ಅವರು 1932ರಲ್ಲಿ ಹುಟ್ಟಿದ ಊರು ಎಂದರೆ ಹೊರಗಿನವರಿಗೆ ಬೇಗ ಗುರುತು ಹತ್ತುತ್ತದೆ. ಕನ್ನಂಬಾಡಿ ಕಟ್ಟೆಯ ನೀರು ನಾಲೆಯಲ್ಲಿ ಹರಿದು 1930ರ ದಶಕದಲ್ಲಿ ಈ ಸೀಮೆಗೆ ಬಂತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ರಾಗಿ ಹೊಲವೂ ಕುರುಚಲು ಬೀಳೂ ಕಬ್ಬಿನ ಗದ್ದೆಯಾದವು. ಈಚೆಗೆ ಆ ಗದ್ದೆಗಳಲ್ಲಿ ಚಿರತೆ ಮರಿ ಹಾಕಿದ ಸುದ್ದಿ ಪತ್ರಿಕೆಯಲ್ಲಿ ಬರುತ್ತಿರುತ್ತದೆ. ಕರಡಿ ಹಾಗಲ್ಲ. ಅದಕ್ಕೆ ಬಂಡೆ ಬೇಕು, ಗವಿ ಬೇಕು, ಹುತ್ತ ಬೇಕು, ಬೋರೆ ಕಾರೆ ಹಣ್ಣಿನ ಪೊದೆ ಬೇಕು. ಕಬ್ಬಿನ ಸೀಮೆಯಲ್ಲಿ ಅವೆಲ್ಲ ಎಲ್ಲಿಂದ ಬರಬೇಕು?

ವರ್ಷಕ್ಕೊಮ್ಮೆ ಮಾತ್ರ ಕರಡಿ ತಪ್ಪದೆ ನಮ್ಮ ಮನೆಗಳಿಗೆ ಬರುತ್ತಿತ್ತು, ಗೌರಿ-ಗಣೇಶನ ಹಬ್ಬದ ರಾತ್ರಿ. ಚೌತಿಯ ಚಂದ್ರನನ್ನು ನೋಡಿದವರಿಗೆ ಕಳ್ಳತನದ ಅಪವಾದ ಬರುತ್ತದೆಂದು ಹೆದರಿಸಿ, ಶಮಂತಕ ಮಣಿಯ ಕಥೆ ಹೇಳುತ್ತಿದ್ದರು. ಮಣಿ ಕದ್ದನೆಂಬ ಮಾತು ಹೊತ್ತ ಕೃಷ್ಣ ಕಾಡಿಗೆ ಹೋಗಿ ಹೆಜ್ಜೆಯ ಗುರುತು ಹಿಡಿದು ಜಾಂಬವಂತನ ಗುಹೆಯನ್ನು ಹೊಕ್ಕಾಗ, ಆ ಮಣಿಯನ್ನು ಕರಡಿಯ ಮಗುವಿಗೆ ಆಟಕ್ಕೆ ಕೊಟ್ಟಿರುತ್ತಾರೆ. 28 ದಿನ ಕಾಳಗ ನಡೆಯಿತೆಂದು ಭಾಗವತ ಹೇಳುತ್ತದೆ. ಕೊನೆಗೆ ಜಾಂಬವಂತ ಕೃಷ್ಣನಿಗೆ ಮಾವನಾಗುತ್ತಾನೆ. ಇಲ್ಲಿ ಕರಡಿ ಮನುಷ್ಯರ ಮನೆಗೆ ನುಗ್ಗಿದ್ದಲ್ಲ. ಮನುಷ್ಯನೇ ಕರಡಿಯ ಮನೆಗೆ, ಅದೂ ಮಗುವಿದ್ದ ಮನೆಗೆ ನುಗ್ಗಿದ್ದು. ಇದು ನನಗೆ ಹೊಳೆದದ್ದು ಎಷ್ಟೋ ವರ್ಷ ಕಥೆ ಹೇಳಿದ ಮೇಲೆ.

ಕಣ್ಣಾರೆ ಕಂಡ ಕರಡಿ ಬೇರೆ. ಅದು ಸುಗ್ಗಿ ಮುಗಿದ ಮೇಲೆ ಊರಿಗೆ ಬರುತ್ತಿತ್ತು. ಮೊದಲು ಡಮರುಗದ ಸದ್ದು, ಆಮೇಲೆ ನಾಯಿಗಳ ಬೊಗಳು, ಅದರ ಹಿಂದೆ ಮಕ್ಕಳ ದಂಡು. ನಡುವೆ ತಲೆಗೆ ವಸ್ತ್ರ ಸುತ್ತಿದ ಒಬ್ಬ ಬಡಕಲು ಮನುಷ್ಯ, ಅವನ ಕೈಯಲ್ಲೊಂದು ಕೋಲು, ಇನ್ನೊಂದು ಕೈಯಲ್ಲಿ ಹಗ್ಗ. ಹಗ್ಗದ ಆ ತುದಿ ಕರಡಿಯ ಮೂತಿಯ ಮೂಲಕ ಹಾದುಹೋಗಿರುತ್ತಿತ್ತು. ನಮ್ಮ ಕೊಟ್ಟಿಗೆಯ ಎತ್ತುಗಳಿಗೂ ಮೂಗುದಾರ ಇದ್ದುದರಿಂದ ಅದು ನಮಗೆ ವಿಚಿತ್ರವೆನಿಸುತ್ತಿರಲಿಲ್ಲ. ಅರಳಿಕಟ್ಟೆಯ ಮುಂದೆ ಅದು ಎರಡು ಕಾಲ ಮೇಲೆ ನಿಂತು ಕುಣಿಯುತ್ತಿತ್ತು. ಬೆಚ್ಚಿಬೀಳುವ ಮಕ್ಕಳನ್ನು ಅದರ ಬೆನ್ನ ಮೇಲೆ ಕೂರಿಸಿದರೆ ಭಯ ಬಿಡುತ್ತದೆ ಎಂಬ ನಂಬಿಕೆಯಿತ್ತು. ನಾಲ್ಕಾಣೆ, ಒಂದು ಸೇರು ರಾಗಿ ಕೊಟ್ಟರೆ ಅವನು ಕರಡಿಯ ಕೂದಲು ಕಿತ್ತು ಕೊಡುತ್ತಿದ್ದ. ಅದನ್ನು ತಾಯತದಲ್ಲಿ ಹಾಕಿಸಿ ಮಗುವಿನ ಸೊಂಟಕ್ಕೆ ಕಟ್ಟುತ್ತಿದ್ದರು. ನನ್ನ ತಮ್ಮನ ಸೊಂಟದಲ್ಲೂ ಅಂಥದೊಂದು ತಾಯತ ಇತ್ತು. ಅವನು ಮಾತ್ರ ಬೆಳೆದ ಮೇಲೂ ರಾತ್ರಿ ಒಬ್ಬನೇ ಹಿತ್ತಲಿಗೆ ಹೋಗಲು ಹೆದರುತ್ತಿದ್ದ.

ಆ ಕುಣಿತದ ಹಿಂದೆ ಏನಿತ್ತೆಂದು ಆಗ ಊರಲ್ಲಿ ಯಾರೂ ಕೇಳಿದವರಲ್ಲ. ತಾಯಿಯನ್ನು ಕೊಂದು ಮರಿಗಳನ್ನು ಗವಿಯಿಂದ ತರುತ್ತಿದ್ದರು. ಕಾದ ಕಬ್ಬಿಣದಿಂದ ಮೂತಿಗೆ ತೂತು ಕೊರೆದು ಹಗ್ಗ ಪೋಣಿಸುತ್ತಿದ್ದರು. ಕೋರೆಹಲ್ಲುಗಳನ್ನು ಕೀಳುತ್ತಿದ್ದರು. ಹಗ್ಗ ಜಗ್ಗಿದಾಗ ನೋವಿಗೆ ಎದ್ದು ನಿಲ್ಲುವುದನ್ನೇ ನಾವು ಕುಣಿತ ಎಂದು ತಿಳಿದಿದ್ದೆವು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೂ ಊರೂರಿಗೆ ಕರಡಿಗಳು ಬರುತ್ತಲೇ ಇದ್ದವು. ಕಾಯಿದೆ ದಿಲ್ಲಿಯಿಂದ ಅರಳಿಕಟ್ಟೆಗೆ ಬರಲು ಕಾಲ ಹಿಡಿಯುತ್ತದೆ. 1998ರಲ್ಲಿ ಕೇಂದ್ರ ಸರ್ಕಾರ ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳನ್ನು ಪ್ರದರ್ಶನಕ್ಕೆ ಬಳಸಕೂಡದೆಂದು ಅಧಿಸೂಚನೆ ಹೊರಡಿಸಿತು. 2001ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು.

ಕಲಂದರ್ ಎಂಬ ಆ ಸಮುದಾಯಕ್ಕೆ ತಲೆತಲಾಂತರದಿಂದ ಬಂದ ಕಸುಬು ಅದೊಂದೇ. ಬರೀ ಶಿಕ್ಷೆಯಿಂದ ಅದು ನಿಲ್ಲುವ ಹಾಗಿರಲಿಲ್ಲ. ವೈಲ್ಡ್‌ಲೈಫ್ ಎಸ್‌ಒಎಸ್ ಎಂಬ ಸಂಸ್ಥೆ ಕರಡಿಯನ್ನು ಒಪ್ಪಿಸಿದ ಮನೆಯವರಿಗೆ ಬೇರೆ ಕಸುಬಿಗೆ ಬಂಡವಾಳ, ಮಕ್ಕಳ ಓದಿಗೆ ನೆರವು ಕೊಡುವ ದಾರಿ ಹಿಡಿಯಿತು. 2002ರಲ್ಲಿ ಆಗ್ರಾದ ಆಶ್ರಯಧಾಮಕ್ಕೆ ಮೊದಲ ಕರಡಿ ಬಂತು. ಕೊನೆಯದೆಂದು ಹೇಳಲಾದ ರಾಜು ಎಂಬ ಕರಡಿಯ ಹಗ್ಗ ಬಿಚ್ಚಿದ್ದು 2009ರ ಡಿಸೆಂಬರಿನಲ್ಲಿ, ನಮ್ಮ ಬನ್ನೇರುಘಟ್ಟದಲ್ಲಿ. ಈ ನಡುವೆ ಬಿಡುಗಡೆಯಾದವು ಆರುನೂರಕ್ಕೂ ಹೆಚ್ಚು. ಹಲ್ಲಿಲ್ಲದ ಆ ಕರಡಿಗಳು ಕಾಡಿಗೆ ಮರಳುವಂತಿರಲಿಲ್ಲ. ಬೇಲಿಯೊಳಗೇ ಗಂಜಿ ಕುಡಿದು ಮುಪ್ಪಾದವು. ನಮ್ಮೂರಿಗೆ ಬರುತ್ತಿದ್ದ ಆ ಬಡಕಲು ಮನುಷ್ಯನ ಮಕ್ಕಳು ಯಾವ ಊರಿನಲ್ಲಿ ಯಾವ ಅಂಗಡಿ ಇಟ್ಟರೋ ಎಂದು ಒಮ್ಮೊಮ್ಮೆ ನೆನೆಯುತ್ತೇನೆ.

ಕರಡಿಯ ವಿಷಯದಲ್ಲಿ ಪಂಡಿತರು ಎಡವಿದ್ದೂ ಉಂಟು. 1791ರಲ್ಲಿ ಜಾರ್ಜ್ ಶಾ ಎಂಬ ಇಂಗ್ಲಿಷ್ ಪ್ರಾಣಿಶಾಸ್ತ್ರಜ್ಞ ಇದರ ಉದ್ದ ಉಗುರು, ಮುಂದಿನ ಮೇಲ್ದವಡೆಯಲ್ಲಿ ಎರಡು ಹಲ್ಲು ಇಲ್ಲದಿರುವುದು ಇವನ್ನು ನೋಡಿ, ದಕ್ಷಿಣ ಅಮೆರಿಕದ ಮರಕ್ಕೆ ತಲೆಕೆಳಗಾಗಿ ಜೋತುಬೀಳುವ ಸ್ಲಾತ್ ಎಂಬ ಸೋಮಾರಿ ಪ್ರಾಣಿಯ ನೆಂಟನೆಂದು ಬರೆದ. ಎರಡೇ ವರ್ಷದಲ್ಲಿ ಇನ್ನೊಬ್ಬ ಅದಕ್ಕೆ ಜೇನುಕರಡಿ ಎಂಬ ಅರ್ಥದ ಹೆಸರಿಟ್ಟು ತಿದ್ದಿದ. ಆದರೆ ಇಂಗ್ಲಿಷಿನಲ್ಲಿ ಸೋಮಾರಿತನದ ಹಣೆಪಟ್ಟಿ ಇಂದಿಗೂ ಹಾಗೇ ಉಳಿದಿದೆ. ಹಲ್ಲು ಇಲ್ಲದ ಆ ಸಂದಿಯೇ ಅದರ ಜೀವನಾಧಾರ. ಹುತ್ತವನ್ನು ಉಗುರಿನಿಂದ ಬಗೆದು, ಮೊದಲು ಬಾಯಿಂದ ಊದಿ ಮಣ್ಣು ಹಾರಿಸಿ, ಆಮೇಲೆ ಮೂಗಿನ ಹೊಳ್ಳೆ ಮುಚ್ಚಿಕೊಂಡು ಆ ಸಂದಿಯಿಂದ ಗೆದ್ದಲನ್ನು ಹೀರುತ್ತದೆ. ಆ ಸೊರಸೊರ ಸದ್ದು ಬಹುದೂರ ಕೇಳುತ್ತದೆ.

ಈಗಿನ ಮಕ್ಕಳಿಗೆ ಕರಡಿ ಎಂದರೆ ಟೆಡ್ಡಿ. ಚಿತ್ರ ಬರೆಯಿರಿ ಎಂದರೆ ಕಂದು ಬಣ್ಣದ ಗುಂಡುಮುಖ ಬರೆದು ಕೊರಳಿಗೆ ರಿಬ್ಬನ್ನು ಕಟ್ಟುತ್ತಾರೆ. ಅದರ ಹಿಂದೆಯೂ ಒಂದು ಹಗ್ಗವಿದೆ. 1902ರಲ್ಲಿ, ಅಂದರೆ ನಮ್ಮ ಶಿವನಸಮುದ್ರದಿಂದ ಕೋಲಾರದ ಗಣಿಗೆ ವಿದ್ಯುತ್ತು ಹರಿದ ವರ್ಷವೇ, ಅಮೆರಿಕದ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಬೇಟೆಗೆ ಹೋದಾಗ, ಅವರ ಸಲುವಾಗಿ ಕರಡಿಯೊಂದನ್ನು ಹಿಡಿದು ಮರಕ್ಕೆ ಕಟ್ಟಿ ನಿಲ್ಲಿಸಿದ್ದರು. ಕಟ್ಟಿಹಾಕಿದ ಪ್ರಾಣಿಗೆ ಗುಂಡು ಹೊಡೆಯುವುದಿಲ್ಲ ಎಂದು ಅವರು ನಿರಾಕರಿಸಿದರು. ಪತ್ರಿಕೆಯಲ್ಲಿ ವ್ಯಂಗ್ಯಚಿತ್ರ ಬಂತು, ಅದರಿಂದ ಬೊಂಬೆ ಹುಟ್ಟಿತು. ಆ ಕರಡಿಯನ್ನು ಆಮೇಲೆ ಇರಿದು ಕೊಂದರೆಂಬುದನ್ನು ಬೊಂಬೆ ಮಾರುವವರು ಹೇಳುವುದಿಲ್ಲ.

ಹಗ್ಗವಿಲ್ಲದ ಕರಡಿಯ ಬಗ್ಗೆ ನಾನು ಮೊದಲು ಓದಿದ್ದು ಪೂರ್ಣಚಂದ್ರ ತೇಜಸ್ವಿಯವರು ಕೆನೆತ್ ಆಂಡರ್ಸನ್‌ನ ಕಾಡಿನ ಕಥೆಗಳನ್ನು ಕನ್ನಡಕ್ಕೆ ತಂದ ಮೇಲೆ ಆ ಬೇಟೆಗಾರನ ಹುಚ್ಚು ಹಿಡಿದಾಗ. ಬೆಂಗಳೂರಿನಲ್ಲಿದ್ದ ಆಂಡರ್ಸನ್ 1957ರ ಪುಸ್ತಕವೊಂದರಲ್ಲಿ ಅರಸೀಕೆರೆಯ ಸುತ್ತಿನ ಒಂದು ಕರಡಿಯ ಕಥೆ ಹೇಳಿದ್ದಾನೆ. ಅದು ಹನ್ನೆರಡು ಜನರನ್ನು ಕೊಂದು, ಅದರ ಎರಡರಷ್ಟು ಜನರ ಮುಖ ಮೈ ಹರಿದಿತ್ತಂತೆ. ಮರಿಗಳನ್ನು ಕಳೆದುಕೊಂಡ ತಾಯಿ ಇರಬೇಕೆಂಬ ಊಹೆಯನ್ನೂ ಅವನು ಬರೆದಿದ್ದಾನೆ. ಕೊನೆಗೆ ಅದನ್ನು ಕೊಂದ. ಓದುವಾಗ ನನ್ನ ಮನಸ್ಸು ನಮ್ಮೂರ ಅರಳಿಕಟ್ಟೆಗೆ ಹೋಗಿ ನಿಂತಿತ್ತು. ಮರಿಯನ್ನು ತಂದವರು ಎಲ್ಲೋ ಒಂದು ಕಡೆ, ತಾಯಿಯ ಸಿಟ್ಟಿಗೆ ಸಿಕ್ಕವರು ಇನ್ನೆಲ್ಲೋ.

ಕಳೆದ ಬೇಸಿಗೆ ರಜೆ ಶುರುವಾದ ಮೊದಲ ಶನಿವಾರ-ಭಾನುವಾರ ನಾವು ಹಂಪಿಗೆ ಹೋದೆವು. ಯಜಮಾನರು, ಮಗಳು, ಅಳಿಯ, ಐದು ವರ್ಷದ ಮೊಮ್ಮಗ. ಅತ್ತೆಯವರಿಗೆ ಎಂಬತ್ತು ದಾಟಿದೆ. ರೈಲಿನ ಪ್ರಯಾಣ ಆಗದೆಂದು ನಾದಿನಿಯ ಮನೆಯಲ್ಲಿ ಬಿಟ್ಟಿದ್ದೆವು. ಮಂಡ್ಯದಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದವರು ಬೆಳಿಗ್ಗೆ ಹೊಸಪೇಟೆಯಲ್ಲಿ ಇಳಿದೆವು. ರಾತ್ರಿಯೆಲ್ಲ ಮೊಮ್ಮಗನಿಗೆ ಕರಡಿ ಕುಣಿಸುವವನ ಕಥೆ ಹೇಳಿದ್ದೇ ಆಯಿತು. ವಿರೂಪಾಕ್ಷನನ್ನು ಭಾನುವಾರಕ್ಕೆ ಇಟ್ಟುಕೊಂಡು, ಶನಿವಾರ ಮಧ್ಯಾಹ್ನವೇ ಕಮಲಾಪುರ ದಾಟಿ ದರೋಜಿ ಕರಡಿಧಾಮಕ್ಕೆ ನಡೆದೆವು.

ಹೊಳೆಯಾಚೆಯ ಆನೆಗೊಂದಿಯ ಸೀಮೆಯೇ ಕಿಷ್ಕಿಂಧೆ ಎನ್ನುತ್ತಾರೆ. ಹನುಮಂತನಿಗೆ ಅವನ ಬಲವನ್ನು ನೆನಪು ಮಾಡಿಕೊಟ್ಟು ಸಮುದ್ರ ಹಾರಿಸಿದ್ದು ಕರಡಿಗಳ ಅರಸ ಜಾಂಬವಂತ. ಈ ಸೀಮೆಯಲ್ಲಿ ಇಂದಿಗೂ ಕರಡಿಯೂ ಕೋತಿಯೂ ಬಂಡೆಯ ಮೇಲೆ ಓಡಾಡುವುದನ್ನು ಕಂಡರೆ, ಕವಿ ಊರು ನೋಡಿಯೇ ಬರೆದನೇನೋ ಎನಿಸುತ್ತದೆ. ಸರ್ಕಾರ ಇದನ್ನು ಕರಡಿಗಳಿಗೆಂದೇ ಕಾದಿಟ್ಟದ್ದು 1994ರಲ್ಲಿ, ಸುಮಾರು 56 ಚದರ ಕಿಲೋಮೀಟರ್. ಬುಕ್ಕಸಾಗರದ ಕಡೆಯ ಕಾಡು ಸೇರಿದ ಮೇಲೆ ಅದು 80 ದಾಟಿತು. 2013ರಲ್ಲಿ ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯಲ್ಲಿ ಇನ್ನೊಂದು ಧಾಮವಾಯಿತು. ಇದೇ ಕಾಲದಲ್ಲಿ ಪಕ್ಕದ ಸಂಡೂರಿನ ಗುಡ್ಡಗಳನ್ನು ಅದಿರಿಗಾಗಿ ಕೊರೆದು ಲಾರಿಗಳಲ್ಲಿ ಸಾಗಿಸಿದ ಕಥೆ, 2011ರ ಲೋಕಾಯುಕ್ತ ವರದಿ, ಅದೇ ವರ್ಷ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿ ನಿಲ್ಲಿಸಿದ್ದು ಎಲ್ಲರಿಗೂ ಗೊತ್ತಿರುವುದೇ. ಗಾಡಿಗಟ್ಟಲೆ ಗುಡ್ಡ ಹೋಗುವಾಗ ಗವಿಗಳ ಲೆಕ್ಕ ಯಾರು ಇಟ್ಟರು?

ನಾವು ಕುಳಿತದ್ದು ಕರಡಿಕಲ್ಲು ಗುಡ್ಡಕ್ಕೆ ಎದುರಾಗಿರುವ ವೀಕ್ಷಣಾ ಗೋಪುರದಲ್ಲಿ. ಮದ್ದೂರು ವಡೆಯ ಪೊಟ್ಟಣ ತೆಗೆದುಕೊಂಡು ಹೋಗಿದ್ದೆವು. ಕಾವಲಿನವರು ತಿಂಡಿ ಮೇಲೆ ತರಬೇಡಿ ಎಂದದ್ದರಿಂದ ಅದು ಕಾರಿನಲ್ಲೇ ಉಳಿಯಿತು. ಎದುರಿನ ಬಂಡೆಗಳಿಗೆ ಸಿಬ್ಬಂದಿ ಬೆಲ್ಲದ ಪಾಕ ಸವರಿ ಬಂದಿದ್ದರು. “ಬೆಲ್ಲ ಎಲ್ಲೀದು?” ಎಂದು ಯಜಮಾನರು ಕೇಳಿಯೇಬಿಟ್ಟರು. ಆಲೆಮನೆಯ ಊರಿನವರ ಜಾಯಮಾನ ಅದು.

ಕಾದ ಬಂಡೆಯ ಮೇಲಿನ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ನವಿಲುಗಳು ಬಂದವು, ಮುಂಗುಸಿ ಬಂತು. ಮೂರೂವರೆಯ ಸುಮಾರಿಗೆ, ಬಂಡೆಯ ನೆರಳು ಎಂದು ನಾವು ತಿಳಿದಿದ್ದ ಕಪ್ಪು ಎದ್ದು ನಡೆಯಿತು. ಅಷ್ಟು ಕಪ್ಪು, ಅಷ್ಟು ಜೂಲು ಕೂದಲು, ಎದೆಯ ಮೇಲೆ ಬಿಳಿ ಪಟ್ಟಿ. ನನ್ನ ಬಾಲ್ಯದ ಕರಡಿ ಇದರ ಮುಂದೆ ಹಳೆಯ ಕಂಬಳಿ. ಅದು ಬೆಲ್ಲ ನೆಕ್ಕುತ್ತಿರುವಾಗಲೇ ಇನ್ನೊಂದು ಬಂತು, ಬೆನ್ನ ಮೇಲೆ ಎರಡು ಮರಿ. ಕರಡಿಗಳಲ್ಲಿ ಹೀಗೆ ಮರಿಗಳನ್ನು ಬೆನ್ನ ಮೇಲೆ ಹೊತ್ತು ತಿರುಗುವುದು ನಮ್ಮ ದೇಶದ ಈ ಜಾತಿಯ ವಿಶೇಷ. ಮುಂದಿನ ಮರಿ ಕೂದಲನ್ನು ಬಿಗಿಯಾಗಿ ಹಿಡಿದಿತ್ತು. ಹಿಂದಿನದು ಜಾರಿ ಬಿದ್ದು, ಓಡಿ, ಮತ್ತೆ ಹತ್ತಿತು. ತಾಯಿ ತಿರುಗಿಯೂ ನೋಡಲಿಲ್ಲ. ಮಗಳು ನನ್ನ ಕೈ ಹಿಡಿದುಕೊಂಡಳು.

“ಅಜ್ಜಿ, ಇದನ್ನ ಯಾರು ಕುಣಿಸೋದು?” ಮೊಮ್ಮಗ ಪಿಸುಗುಟ್ಟಿದ.

“ಯಾರೂ ಇಲ್ಲ.”

“ಮತ್ತೆ ಯಾಕೆ ಬಂದಿದೆ?”

“ತಿನ್ನೋಕೆ.” ಅವನಿಗೆ ಆ ಉತ್ತರ ಸರಿಯೆನಿಸಿತು.

ಪಕ್ಕದಲ್ಲಿದ್ದ ಕಾವಲುಗಾರರು ಆ ಕಾಡಿನಲ್ಲೇ ತಲೆ ಹಣ್ಣು ಮಾಡಿಕೊಂಡವರು. ಕರಡಿ ಮನುಷ್ಯರ ಮೇಲೆ ಏಕೆ ಬೀಳುತ್ತದೆ ಎಂದು ಕೇಳಿದೆ. “ಗೆದ್ದಲು ತಿನ್ನೋ ಮುಂದ ಅದಕ್ಕ ಲೋಕದ ಖಬರ ಇರಂಗಿಲ್ರಿ ಮೇಡಂ. ಕಣ್ಣೂ ಅಷ್ಟಕ್ಕಷ್ಟ. ನಾವು ಸಪ್ಪಳ ಮಾಡ್ದಂಗ ಹತ್ರ ಹೋದ್ವಿ ಅಂದ್ರ ಅದರ ಎದಿ ಹಾರತೈತಿ, ಮೈಮ್ಯಾಲೆ ಬರತೈತಿ. ಮಾತಾಡ್ಕೋಂತ ಹೋದ್ರ ಅದ ದಾರಿ ಬಿಡತೈತಿ” ಎಂದರು. ಹುಲಿಯಿರುವ ಕಾಡಿನಲ್ಲಿ ಬೆಳೆದುಬಂದ ಜಾತಿ ಇದು. ಓಡಿ ತಪ್ಪಿಸಿಕೊಳ್ಳುವ ವೇಗವಿಲ್ಲ, ಮರ ಹತ್ತಿದರೆ ಚಿರತೆಯೂ ಹತ್ತುತ್ತದೆ. ಆದ್ದರಿಂದ ಬೆಚ್ಚಿದಾಗ ಎದ್ದು ನಿಂತು ಎದುರಿಸುವುದೇ ಅದಕ್ಕೆ ತಿಳಿದ ದಾರಿ ಎಂದು ಪ್ರಾಣಿಶಾಸ್ತ್ರಜ್ಞರು ವಿವರಿಸುತ್ತಾರೆ. ಅದು ಎದ್ದು ನಿಂತಾಗ ಉಗುರಿಗೆ ಎಟಕುವುದು ಮನುಷ್ಯನ ಮುಖ.

ಎದ್ದು ನಿಲ್ಲುವುದನ್ನು ಅದೇ ಸಂಜೆ ನೋಡಿದೆವು. ಹಿಂದಿರುಗುವಾಗ, ಬೆಳಕು ಮಾಸಿದ ಮೇಲೆ, ಕಾರಿನ ಮುಂದೆ ನಲವತ್ತು ಐವತ್ತು ಹೆಜ್ಜೆಯಲ್ಲಿ ಒಂಟಿ ಕರಡಿಯೊಂದು ರಸ್ತೆ ದಾಟುತ್ತಿತ್ತು. ಡ್ರೈವರು ಕಾರು ನಿಲ್ಲಿಸಿದ. ಅದು ರಸ್ತೆಯ ನಡುವೆ ನಿಂತಿತು, ಹಿಂಗಾಲ ಮೇಲೆ ಎದ್ದಿತು, ಮೂತಿಯನ್ನು ಗಾಳಿಗೆ ಒಡ್ಡಿ ಒಂದೆರಡು ಸಲ ಆಡಿಸಿತು. ಅರಳಿಕಟ್ಟೆಯ ಮುಂದೆ ಕಂಡಿದ್ದ ಅದೇ ನಿಲುವು. ಆದರೆ ಇಲ್ಲಿ ಯಾರೂ ಯಾವುದನ್ನೂ ಜಗ್ಗಿರಲಿಲ್ಲ. ನಮ್ಮ ವಾಸನೆಯೋ ವಡೆಯ ವಾಸನೆಯೋ ಅದಕ್ಕೆ ಹಿಡಿಸಲಿಲ್ಲವೆಂದು ತೋರುತ್ತದೆ. ಇಳಿದು, ಅವಸರವೇನೂ ಇಲ್ಲದೆ, ಪೊದೆಯೊಳಗೆ ಹೋಯಿತು. ಕಾರಿನಲ್ಲಿ ಬಹಳ ಹೊತ್ತು ಯಾರೂ ಮಾತಾಡಲಿಲ್ಲ.

ಮರುದಿನ ಬೆಳಿಗ್ಗೆ ಕಮಲಾಪುರದ ಬಳಿ ಚಹಾ ಕುಡಿಯಲು ನಿಂತಾಗ ನಾವು ಅದನ್ನೇ ಬಣ್ಣಿಸುತ್ತಿದ್ದೆವು. ಚಹಾ ಸೋಸುತ್ತಿದ್ದವರು ಒಂದು ಮಗ್ಗುಲಿಗೇ ನಿಂತಿದ್ದರು. ಲೋಟ ಕೊಡಲು ತಿರುಗಿದಾಗ ಕಂಡಿತು, ಎಡಗಣ್ಣಿನ ಜಾಗದಲ್ಲಿ ಹೊಲಿಗೆಯ ಗುರುತು, ಅಲ್ಲಿಂದ ಕಿವಿಯವರೆಗೆ ಎಳೆದುಕೊಂಡ ಚರ್ಮ. ಬೆಳಗಿನ ಜಾವ ಶೇಂಗಾ ಹೊಲಕ್ಕೆ ನೀರು ತಿರುವಲು ಹೋದಾಗ ಆದದ್ದಂತೆ. “ನಿಮಗ ನೋಡಾಕ ಚಂದ” ಎಂದರು, ಅಷ್ಟೇ. ಪರಿಹಾರದ ಹಣ ಬಂತಂತೆ. ಅದರಲ್ಲೇ ಈ ಅಂಗಡಿ. ಹೊಲವನ್ನು ತಮ್ಮನಿಗೆ ಬಿಟ್ಟರಂತೆ, ಕತ್ತಲಲ್ಲಿ ಆ ಕಡೆ ಹೋಗಲು ಕಾಲು ಬರುವುದಿಲ್ಲವೆಂದು. ಮಗಳು ಮೊಬೈಲಿನಲ್ಲಿದ್ದ ಚಿತ್ರವನ್ನು ತೋರಿಸಲೆಂದು ತೆಗೆದವಳು ಹಾಗೇ ಚೀಲದೊಳಗೆ ಇಟ್ಟಳು. ಗೋಪುರದಿಂದ ನೋಡಿದ ಕರಡಿ, ಹೊಲದಲ್ಲಿ ಎದುರಾದ ಕರಡಿ ಒಂದೇ ಇರಬಹುದು. ಆದರೆ ಗೋಪುರದಲ್ಲಿ ಕೂತವಳು ಹೊಲದವರಿಗೆ ವನ್ಯಜೀವಿಪ್ರೇಮದ ಪಾಠ ಹೇಳುವುದು ನನ್ನಿಂದಾಗದು.

ಮನೆಗೆ ಬಂದ ಮೇಲೆ ಇದನ್ನೆಲ್ಲ ಅತ್ತೆಯವರಿಗೆ ಹೇಳಿದೆ. ಅವರ ತವರು ಮಳವಳ್ಳಿ ತಾಲ್ಲೂಕು, ಹಲಗೂರಿನ ಕಡೆ. ಅಲ್ಲಿಂದ ಕಾಡಿನ ದಾರಿಯಲ್ಲಿ ಇಳಿದರೆ ಕಾವೇರಿಯ ದಡದಲ್ಲಿ ಮುತ್ತತ್ತಿ. ಹೊಳೆಯಲ್ಲಿ ಬಿದ್ದ ಸೀತೆಯ ಮುತ್ತಿನ ಒಡವೆಯನ್ನು ಹನುಮಂತ ಬಾಲದಿಂದ ನೀರು ಕದಡಿ ಎತ್ತಿಕೊಟ್ಟನೆಂದು ಅಲ್ಲಿನ ಕಥೆ. ಆ ಮುತ್ತತ್ತಿರಾಯನ ಹರಕೆಯಿಂದ ಹುಟ್ಟಿದ್ದಕ್ಕೇ ರಾಜಕುಮಾರ್ ಅವರಿಗೆ ಮುತ್ತುರಾಜ ಎಂದು ಹೆಸರಿಟ್ಟರು ಎನ್ನುತ್ತಾರೆ. 1987ರಲ್ಲಿ ಆ ಸುತ್ತಿನ ಕಾಡು ಕಾವೇರಿ ವನ್ಯಜೀವಿಧಾಮವಾಯಿತು. ಆನೆಗಳಿರುವ ಕಾಡು, ಕರಡಿಗಳೂ ಇರುವ ಕಾಡು. ಹೊಸಪೇಟೆಯವರೆಗೆ ರೈಲಿನಲ್ಲಿ ಹೋಗಿ ನಾವು ನೋಡಿಬಂದದ್ದು ನಮ್ಮ ಜಿಲ್ಲೆಯ ಅಂಚಿನಲ್ಲೇ ಇದೆ.

ಅತ್ತೆಯವರ ಹರೆಯದಲ್ಲಿ, ಅಂದರೆ 1950ರ ದಶಕದ ಕೊನೆಗೆ, ಶ್ರಾವಣದ ಶನಿವಾರಗಳಲ್ಲಿ ಹೆಂಗಸರೆಲ್ಲ ಬುತ್ತಿ ಕಟ್ಟಿಕೊಂಡು ಮುತ್ತತ್ತಿಗೆ ನಡೆದೇ ಹೋಗುತ್ತಿದ್ದರಂತೆ. ದಾರಿಯುದ್ದಕ್ಕೂ ಪದ ಹೇಳುತ್ತಿದ್ದರು, ಮುಂದಿನವರೊಂದು ಸೊಲ್ಲು, ಹಿಂದಿನವರೊಂದು ಸೊಲ್ಲು. ಇದನ್ನು ಅವರು ಎಷ್ಟೋ ಸಲ ಹೇಳಿದ್ದರು. ಭಕ್ತಿಯಿಂದ ಹಾಡುತ್ತಿದ್ದರು ಎಂದೇ ನಾನು ಇಷ್ಟು ವರ್ಷ ಕೇಳಿಸಿಕೊಂಡಿದ್ದೆ. ಆ ದಿನ ದರೋಜಿಯ ಕಾವಲುಗಾರರ ಮಾತು ತಲೆಯಲ್ಲಿತ್ತು.

“ಅತ್ತೆಮ್ಮ, ದಾರೀಲಿ ಕರಡಿ ಇರ್ತಿರಲಿಲ್ವಾ?”

“ಇಲ್ದೇ ಏನು? ಅದ್ಕೇ ಅಲ್ವಾ ಪದ ಹೇಳ್ತಿದ್ದುದ್ದು. ಸದ್ದು ಮಾಡ್ಕಂಡ್ ಹೋಗ್ಬೇಕು ಕನವ್ವ, ನಾವ್ ಬತ್ತಾ ಇದೀವಿ ಅಂತ ಅದ್ಕೂ ಗೊತ್ತಾಗ್ಬೇಕಲ್ಲ. ಮರಿ ಇರೋಳು ಅವ್ಳು.”

ಅವರ ಗುಂಪಿನಲ್ಲಿ ಒಬ್ಬರಿಗೂ ಕರಡಿ ಅಡ್ಡ ಬಂದದ್ದಿಲ್ಲವಂತೆ. ದೂರದಲ್ಲಿ ಹೋಗುವುದನ್ನು ನೋಡಿದ್ದಾರೆ, ಎರಡು ಸಲ. ಆಮೇಲೆ ರಸ್ತೆಯಾಯಿತು, ಬಸ್ಸು ಬಂತು. ಬಸ್ಸಿನಲ್ಲಿ ಪದ ಹೇಳುವವರಾರು? ಈಗ ಅಲ್ಲಿ ಕಾರಿನಲ್ಲಿ ಹೋಗಿಬರುವ ಹುಡುಗರಿಗೆ ಆ ಪದಗಳು ಗೊತ್ತಿಲ್ಲ. ಸೌದೆಗೆ ದನಕ್ಕೆ ಒಂಟಿಯಾಗಿ ಕಾಡಂಚಿಗೆ ಹೋಗುವವರೂ ಮೊಬೈಲನ್ನು ಕಿವಿಗೆ ಸಿಕ್ಕಿಸಿಕೊಂಡು ಸುಮ್ಮನೆ ನಡೆಯುತ್ತಾರೆ.

ನೋಟುಪುಸ್ತಕ ತಂದು, ಆ ಪದ ಹೇಳಿ, ಬರೆದುಕೊಳ್ಳುತ್ತೇನೆ ಎಂದೆ. ಅತ್ತೆ ಮೊದಲ ಸೊಲ್ಲು ಹಿಡಿದರು, ಎರಡನೆಯದಕ್ಕೆ ತಡವರಿಸಿದರು, ಮತ್ತೆ ಮೊದಲಿಂದ ಶುರುಮಾಡಿ ಅಲ್ಲೇ ನಿಂತರು. ಮರೆತಿದ್ದಾರೆಂದುಕೊಂಡೆ. ಅವರು ಕೋಲು ಊರಿ ಎದ್ದರು.

“ಕುಂತ್ಕಂಡ್ ಹೇಳೋ ಪದ ಅಲ್ಲ ಕನವ್ವ ಅದು” ಎಂದು, ಹಜಾರದಲ್ಲಿ ಆ ಗೋಡೆಯಿಂದ ಈ ಗೋಡೆಗೆ ನಡೆಯಲು ಶುರುಮಾಡಿದರು.